ಸೆನ್ಸಾರ್ ಅನ್ನೋ ಪದ ಎಲ್ಲಿಂದ ಎಲ್ಲಿಗೆ?

ವಾಟ್ಸಾಪ್ ಗ್ರೂಪಿನ ಅಡ್ಮಿನ್ ಒಂದು ಮೆಸೇಜ್ ಡಿಲೀಟ್ ಮಾಡಿದ್ರೂ ನಾವು 'ಸೆನ್ಸಾರ್ ಮಾಡ್ಯಾನ' ಅಂತೀವಿ. ಇವತ್ತು ಆ ಪದದ್ದೇ ಕಥಿ.

ಹಳೇ ರೋಮ್‌ನಲ್ಲಿ ಸೆನ್ಸಾರ್ ಅಂದರೆ ಒಂದು ಹುದ್ದೆ. ಜನರನ್ನು ಎಣಿಸೋದು, ಯಾರ ಆಸ್ತಿ ಎಷ್ಟು ಅಂತ ಬರೆದುಕೊಳ್ಳೋದು ಅವನ ಕೆಲಸ. ಬಿಕಾಂ ಓದಿದ ನನಗೆ ಅವನು ಟ್ಯಾಕ್ಸ್ ಆಫೀಸರ್ ಥರಾನೇ ಕಾಣ್ತಾನ. ನಾಗರಿಕರ ನಡತೆ ಮೇಲೆ ಕಣ್ಣಿಡುವ ಅಧಿಕಾರವೂ ಅವನಿಗಿತ್ತು. ಆ ಅರ್ಥವೇ ಉಳಿದು ಬಂತು.

ನಮ್ಮ ದೇಶದಾಗ ಇದರ ಖಡಕ್ ರೂಪ ಕಂಡದ್ದು 1975ರ ಜೂನ್‌ನಲ್ಲಿ, ತುರ್ತು ಪರಿಸ್ಥಿತಿ ಬಂದಾಗ. ಸುದ್ದಿ ಅಚ್ಚಾಗುವ ಮೊದಲೇ ಸರ್ಕಾರದ ಕತ್ತರಿ. ಸಿನಿಮಾ ಮಂಡಳಿ 1983ರಲ್ಲೇ ತನ್ನ ಹೆಸರಿನಿಂದ 'ಸೆನ್ಸಾರ್' ತೆಗೆದು 'ಪ್ರಮಾಣೀಕರಣ' ಅಂತ ಮಾಡಿಕೊಂಡಿತು. ಗಾಂಧಿನಗರ ಮಾತ್ರ ಇನ್ನೂ 'ಸೆನ್ಸಾರ್ ಆಯ್ತು' ಅಂತಲೇ ಪೋಸ್ಟರ್ ಹಾಕ್ತದ!

ಅಚ್ಚಾದ ಮೇಲೆ ತಡೆದರೆ ಕಾನೂನು ಅದನ್ನು ಮುಟ್ಟುಗೋಲು ಅನ್ನುತ್ತದೆ. ಪಿ.ವಿ. ನಾರಾಯಣ ಅವರ 'ಧರ್ಮಕಾರಣ' ಕಾದಂಬರಿಗೆ ರಾಜ್ಯ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ಬಸವಣ್ಣನವರ ಅಕ್ಕ ನಾಗಮ್ಮನ ಕುರಿತ ಭಾಗಕ್ಕೆ ವಿರೋಧ ಎದ್ದು, 1997ರಲ್ಲಿ ಅದೇ ಸರ್ಕಾರ ಪುಸ್ತಕ ಮುಟ್ಟುಗೋಲು ಹಾಕಿತು. ಬರಗೂರು ರಾಮಚಂದ್ರಪ್ಪ ಸುಪ್ರೀಂ ಕೋರ್ಟ್ ತನಕ ಹೋದರು. 2007ರಲ್ಲಿ ಕೋರ್ಟ್ ಸರ್ಕಾರದ ಪರ ನಿಂತಿತು. ಸೋತರು ಖರೆ, ಆದ್ರ ವಾದ ಮಾಡಾಕ ಒಂದು ಆದೇಶದ ಹಾಳಿಯರೆ ಇತ್ತು.

ನಮ್ಮ ಜಿಲ್ಲೆಯವರದೇ ನೋಡ್ರಿ. ಸಿಂದಗಿ ಕಡೆಯ ಯರಗಲ್‌ನಲ್ಲಿ ಹುಟ್ಟಿದ ಎಂ.ಎಂ. ಕಲಬುರ್ಗಿ 'ಮಾರ್ಗ' ಸಂಪುಟದಲ್ಲಿ ಚೆನ್ನಬಸವಣ್ಣನವರ ಹುಟ್ಟಿನ ಬಗ್ಗೆ ಸಂಶೋಧನೆ ಬರೆದರು. ಅದೇ ಶರಣರ ಮನೆತನದ ವಿಷಯ. 1989ರಲ್ಲಿ ಗದ್ದಲ ಎದ್ದಿತು. ಮನೆಯವರ ಜೀವ ಉಳಿಸಲು ಬರೆದದ್ದನ್ನು ಹಿಂದಕ್ಕೆ ತಗೊಂಡೆ, ಅವತ್ತು ಬೌದ್ಧಿಕ ಆತ್ಮಹತ್ಯೆ ಮಾಡಿಕೊಂಡೆ ಅಂತ ಅವರೇ ಹೇಳಿದ್ದರು. ಮುಂದೆ 'ಮಾರ್ಗ-4'ಕ್ಕೆ 2006ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2015ರ ಆಗಸ್ಟ್ 30ರಂದು ಧಾರವಾಡದ ಮನೆ ಬಾಗಿಲಲ್ಲಿ ಅವರನ್ನು ಗುಂಡಿಟ್ಟು ಕೊಂದರು.

1989ರದ್ದನ್ನ ಏನಂತ ಕರೀಬೇಕು? ನಿಘಂಟಿನ ಪ್ರಕಾರ ಅದು ಸೆನ್ಸಾರ್ ಅಲ್ಲ ಅಂತ ವಾದಿಸೋರಿದ್ದಾರೆ. ನಾನು ಅದನ್ನೂ ಸೆನ್ಸಾರ್ ಅಂತನೇ ಅಂತೀನಿ. 'ಧರ್ಮಕಾರಣ'ಕ್ಕೆ ಇದ್ದಂಗ ಕೋರ್ಟಿಗೆ ಒಯ್ಯಾಕ ಅಲ್ಲಿ ಆದೇಶದ ಒಂದು ನಂಬರೂ ಇರಲಿಲ್ಲ.