ಊರನಿಧಿಯ ಹುಟ್ಟು ಮತ್ತು ಬೆಳವಣಿಗೆ

ದಾನಧರ್ಮಗಳ ಚರಿತ್ರೆಯನ್ನು ಅರಸುವವರಿಗೆ ಕನ್ನಡ ನಾಡಿನ ಶಾಸನಗಳು ಒಂದು ದೊಡ್ಡ ಭಂಡಾರ. ಕೆರೆ, ಗುಡಿ, ಛತ್ರ, ಮಠ, ವಿದ್ಯಾಶಾಲೆಗಳಿಗೆ ಭೂಮಿಯನ್ನು ಬಿಟ್ಟವರ ಹೆಸರುಗಳು ಕಲ್ಲಿನ ಮೇಲೆ ಇಂದಿಗೂ ನಿಂತಿವೆ. ಸೊಲ್ಲಾಪುರದ ಸೀಮೆಗೆ ಸಮೀಪದಲ್ಲಿರುವ ಇಂಡಿ ತಾಲೂಕಿನ ಸಾಲೋಟಗಿಯ ಕಂಬದ ಶಾಸನವನ್ನೇ ನೋಡಬಹುದು. ಕ್ರಿ.ಶ. 945ರಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಅಲ್ಲಿ ಒಂದು ವಿದ್ಯಾಶಾಲೆಯನ್ನು ಕಟ್ಟಿಸಿದನು. ನಾನಾ ಪ್ರಾಂತಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ ಅಲ್ಲಿ 27 ವಸತಿಗಳಿದ್ದವು. ದೀಪದ ಖರ್ಚಿಗೆ 12 ನಿವರ್ತನ, ಅಧ್ಯಾಪಕನ ಜೀವನಕ್ಕೆ 50 ನಿವರ್ತನ ಭೂಮಿ ಮೀಸಲಾಗಿದ್ದಿತು. ಇಷ್ಟೇ ಆಗಿದ್ದರೆ ಅದು ರಾಜಾಶ್ರಯದ ಮಾತಾಗುತ್ತಿತ್ತು. ಆದರೆ ಶಾಸನ ಇನ್ನೊಂದು ಸಂಗತಿಯನ್ನು ಹೇಳುತ್ತದೆ. ಆ ಊರಿನ ಬ್ರಾಹ್ಮಣ ಮನೆತನಗಳು ಮದುವೆಯಾದರೆ ಐದು ನಾಣ್ಯ, ಉಪನಯನವಾದರೆ ಅದರ ಅರ್ಧ, ಚೌಲವಾದರೆ ಅದರ ಅರ್ಧದಂತೆ ಶಾಲೆಗೆ ಸಲ್ಲಿಸಲು ಒಪ್ಪಿಕೊಂಡಿದ್ದವು. ಮಂತ್ರಿಯ ದೊಡ್ಡ ದಾನದ ಪಕ್ಕದಲ್ಲಿ ಮನೆಮನೆಯ ಸಣ್ಣ ಕಾಣಿಕೆಯೂ ಸೇರಿತು.

ದಾನ ಕೊಡುವುದು ಒಂದು ಮಾತು. ಕೊಟ್ಟ ದಾನ ನೂರು ವರ್ಷಗಳ ಮೇಲೂ ಜನರ ಉಪಯೋಗಕ್ಕೆ ಬರುವಂತೆ ನೋಡಿಕೊಳ್ಳುವುದು ಇನ್ನೊಂದು ಮಾತು. ನಮ್ಮ ಶಾಸನಗಳು ಕೊನೆಯಲ್ಲಿ ಶಾಪವಾಕ್ಯವನ್ನು ಬರೆಯಿಸಿದವು. ದತ್ತಿಯನ್ನು ಅಪಹರಿಸಿದವನಿಗೆ ಮಹಾಪಾತಕವೆಂದು ಹೆದರಿಸಿದವು. ಅಪಹಾರವನ್ನು ತಡೆಯಲು ಅದು ಸಾಕಾಗಿದ್ದಿರಬಹುದು. ಆದರೆ ಕಾಲವೇ ಬದಲಾಗಿ ದಾನದ ಉದ್ದೇಶ ಬರಿದಾದರೆ ಏನು ಮಾಡಬೇಕು? ಈ ಪ್ರಶ್ನೆಗೆ ಶಾಪದಲ್ಲಿ ಉತ್ತರವಿಲ್ಲ. ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡು, 20ನೆಯ ಶತಮಾನದ ಆರಂಭದಲ್ಲಿ ಅಮೆರಿಕೆಯ ಒಂದು ಪಟ್ಟಣದಲ್ಲಿ ಹುಟ್ಟಿದ ಸಂಸ್ಥೆಯೇ ‘ಕಮ್ಯುನಿಟಿ ಫೌಂಡೇಶನ್’. ಇದನ್ನು ನಾವು ‘ಊರನಿಧಿ’ ಎಂದು ಕರೆಯಬಹುದು. ಅದರ ಇತಿಹಾಸವನ್ನೂ, ಅದರಿಂದ ಗಡಿನಾಡಿನ ನಮ್ಮ ಸಂಘಗಳು ಕಲಿಯಬಹುದಾದುದನ್ನೂ ವಿವೇಚಿಸುವುದು ಈ ಲೇಖನದ ಉದ್ದೇಶ.

1. ಸತ್ತವರ ಕೈ

ಸತ್ತವನು ಬರೆದಿಟ್ಟ ಷರತ್ತು ಬದುಕಿರುವವರನ್ನು ಕಟ್ಟಿಹಾಕುವುದಕ್ಕೆ ಪಶ್ಚಿಮದ ನ್ಯಾಯಪಂಡಿತರು ‘ಸತ್ತವರ ಕೈ’ ಎಂದು ಹೆಸರಿಟ್ಟಿದ್ದಾರೆ. ಇದಕ್ಕೆ ಎರಡು ನಿದರ್ಶನಗಳು ಸಾಕು.

ಬೆಂಜಮಿನ್ ಫ್ರಾಂಕ್ಲಿನ್ 1790ರಲ್ಲಿ ತೀರಿಕೊಂಡಾಗ ಬಾಸ್ಟನ್ ಮತ್ತು ಫಿಲಡೆಲ್ಫಿಯಾ ನಗರಗಳಿಗೆ ತಲಾ 1,000 ಪೌಂಡುಗಳನ್ನು ಬಿಟ್ಟುಹೋದನು. ಗುರುವಿನ ಕೈಕೆಳಗೆ ಕಸಬನ್ನು ಕಲಿತು ಮುಗಿಸಿದ ತರುಣ ವಿವಾಹಿತ ಕುಶಲಕರ್ಮಿಗಳಿಗೆ ನೂರಕ್ಕೆ ಐದರ ಬಡ್ಡಿಯಲ್ಲಿ ಅದನ್ನು ಸಾಲ ಕೊಡಬೇಕು, ಹೀಗೆ 200 ವರ್ಷ ನಡೆಸಬೇಕು ಎಂಬುದು ಅವನ ಇಚ್ಛೆ. ಆದರೆ ಕಾರ್ಖಾನೆಗಳು ಬಂದು ಆ ಕಸಬಿನ ಪದ್ಧತಿಯೇ ಅಳಿದುಹೋಯಿತು. ಷರತ್ತಿಗೆ ಹೊಂದುವ ಸಾಲಗಾರರು ಸಿಗುವುದು ಕಷ್ಟವಾಯಿತು. 1990ರಲ್ಲಿ ಅವಧಿ ತೀರಿದಾಗ ಬಾಸ್ಟನ್ನಿನ ನಿಧಿ ಸುಮಾರು 50 ಲಕ್ಷ ಡಾಲರಿಗೂ, ಫಿಲಡೆಲ್ಫಿಯಾದ್ದು ಸುಮಾರು 20 ಲಕ್ಷ ಡಾಲರಿಗೂ ಬೆಳೆದಿದ್ದಿತು. ಹಣ ಬೆಳೆಯಿತು, ಅದು ಯಾರಿಗಾಗಿ ಇಟ್ಟುದೋ ಅವರು ಮಾತ್ರ ಲೋಕದಲ್ಲಿ ಉಳಿದಿರಲಿಲ್ಲ.

ಎರಡನೆಯದು ಸೇಂಟ್ ಲೂಯಿಸ್ ನಗರದ್ದು. ಅಲ್ಲಿಯ ಮೇಯರನಾಗಿದ್ದ ಬ್ರಯಾನ್ ಮುಲನ್‌ಫಿ 1851ರಲ್ಲಿ ಮರಣಹೊಂದಿದನು. ಪಶ್ಚಿಮಕ್ಕೆ ನೆಲೆಸಲು ಹೋಗುವ ಬಡ ವಲಸೆಗಾರರ ಸಹಾಯಕ್ಕಾಗಿ ಆಸ್ತಿಯ ಮೂರನೆಯ ಒಂದು ಪಾಲನ್ನು ಅವನು ಮೃತ್ಯುಪತ್ರದಲ್ಲಿ ಬರೆದಿಟ್ಟಿದ್ದನು. ಎತ್ತಿನ ಬಂಡಿಗಳ ಆ ಕಾಲದಲ್ಲಿ ಅದು ಅತ್ಯಗತ್ಯವಾದ ಧರ್ಮವೇ. ಆದರೆ ರೈಲುದಾರಿ ಬಂದ ಮೇಲೆ ಆ ಬಂಡಿಗಳ ಸಾಲು ನಿಂತುಹೋಯಿತು. ಹಣವೇನೋ ಇದ್ದಿತು, ಅದೇ ಊರಿನಲ್ಲಿ ಬೇರೆ ಬಡವರೂ ಇದ್ದರು, ಇವೆರಡರ ನಡುವೆ ಮೃತ್ಯುಪತ್ರದ ಒಂದು ವಾಕ್ಯ ಅಡ್ಡನಿಂತಿತು.

2. ಗಾಫನ ಯೋಜನೆ

ಈರೀ ಸರೋವರದ ದಂಡೆಯ ಮೇಲಿರುವ ಕ್ಲೀವ್‌ಲ್ಯಾಂಡ್ ನಗರದಲ್ಲಿ ಫ್ರೆಡರಿಕ್ ಗಾಫ್ ಎಂಬ ವಕೀಲನಿದ್ದನು. 1908ರಲ್ಲಿ ಅವನು ಕ್ಲೀವ್‌ಲ್ಯಾಂಡ್ ಟ್ರಸ್ಟ್ ಕಂಪನಿ ಎಂಬ ಬ್ಯಾಂಕಿನ ಅಧ್ಯಕ್ಷನಾದನು. ಸತ್ತವರ ಆಸ್ತಿಗಳನ್ನು ನೋಡಿಕೊಳ್ಳುವುದು ಆ ಬ್ಯಾಂಕಿನ ಒಂದು ಉದ್ಯೋಗವಾದುದರಿಂದ ಮೇಲಿನಂಥ ಸಂಕಟಗಳು ಅವನ ಲಕ್ಷ್ಯಕ್ಕೆ ಬರುವುದು ಸಹಜವಾಗಿದ್ದಿತು. 1914ನೆಯ ಇಸವಿ ಜನವರಿ 2ರಂದು ಅವನ ಪ್ರೇರಣೆಯಿಂದ ಬ್ಯಾಂಕಿನ ಮಂಡಲಿ ಒಂದು ಗೊತ್ತುವಳಿಯನ್ನು ಅಂಗೀಕರಿಸಿತು. ಅದೇ ಕ್ಲೀವ್‌ಲ್ಯಾಂಡ್ ಫೌಂಡೇಶನ್ನಿನ, ಎಂದರೆ ಜಗತ್ತಿನ ಮೊದಲನೆಯ ಊರನಿಧಿಯ, ಜನನ.

ಯೋಜನೆಯ ತಿರುಳು ಸರಳವಾದುದು. ಹಲವರು ಕೊಟ್ಟ ದತ್ತಿಗಳೆಲ್ಲ ಒಂದೇ ನಿಧಿಯಾಗಿ ಕೂಡಬೇಕು. ಮೂಲಧನವನ್ನು ಕಾಯುವುದು, ಬೆಳೆಸುವುದು ಬ್ಯಾಂಕಿನ ಕೆಲಸ. ಉತ್ಪನ್ನವನ್ನು ಯಾರಿಗೆ ಹಂಚಬೇಕೆಂದು ನಿರ್ಣಯಿಸುವುದು ಮಾತ್ರ ಬ್ಯಾಂಕಿನ ಕೆಲಸವಲ್ಲ. ಅದಕ್ಕೆ ಐವರ ವಿತರಣ ಸಮಿತಿ ಬೇರೆ. ಆ ಐವರಲ್ಲಿ ಇಬ್ಬರನ್ನು ಬ್ಯಾಂಕು, ಒಬ್ಬರನ್ನು ನಗರದ ಮೇಯರ್, ಉಳಿದಿಬ್ಬರನ್ನು ನ್ಯಾಯಾಧೀಶರು ನೇಮಿಸಬೇಕು. ಸರಕಾರಿ ಅಧಿಕಾರ ಪದವಿಯಲ್ಲಿರುವವರು, ಅದನ್ನು ಬಯಸಿ ನಿಲ್ಲುವವರು ಸಮಿತಿಗೆ ಬರಕೂಡದು. ಒಂದೇ ಮತಪಂಥದವರು ಇಬ್ಬರಿಗಿಂತ ಹೆಚ್ಚು ಇರಕೂಡದು. ಹಣವನ್ನು ಕಾಯುವ ಕೈ ಬೇರೆ, ಹಂಚುವ ಕೈ ಬೇರೆ ಎಂಬ ಈ ವಿಭಜನೆಯೇ ಗಾಫನ ದೊಡ್ಡ ಶೋಧ.

ಎರಡನೆಯ ಶೋಧವೂ ಇದಕ್ಕೆ ಸಮನಾದುದೇ. ದಾನಿ ಹೇಳಿದ ಉದ್ದೇಶ ಕಾಲಾಂತರದಲ್ಲಿ ಅನಾವಶ್ಯಕವೋ ಅಸಾಧ್ಯವೋ ಆದರೆ, ಕೋರ್ಟಿನ ಮೆಟ್ಟಿಲನ್ನು ಹತ್ತದೆಯೇ, ಊರಿನ ಅಂದಿನ ಅಗತ್ಯಕ್ಕೆ ಆ ಹಣವನ್ನು ತಿರುಗಿಸುವ ಅಧಿಕಾರವನ್ನು ನಿಧಿಯೇ ಹೊಂದಿರಬೇಕು. ದಾನಿ ಮೊದಲೇ ಇದನ್ನು ಒಪ್ಪಿ ಕೊಡುವುದರಿಂದ ಇಲ್ಲಿ ವಚನಭಂಗವಿಲ್ಲ. ಸತ್ತವರ ಗೌರವವೂ ಉಳಿಯುತ್ತದೆ, ಬದುಕಿರುವವರ ವಿವೇಕಕ್ಕೂ ಎಡೆಯಾಗುತ್ತದೆ.

3. ಹಂಚಿಕೆಗೆ ಮೊದಲು ವಿಚಾರಣೆ

ಹೊಸ ನಿಧಿಯ ಹೆಸರು ದೊಡ್ಡದಾದರೂ ಕೈಯಲ್ಲಿ ಹಣವಿರಲಿಲ್ಲ. ಮೃತ್ಯುಪತ್ರಗಳ ದತ್ತಿ ದಾನಿಗಳ ಮರಣಾನಂತರವಷ್ಟೇ ಬರತಕ್ಕದ್ದು. ಗಾಫ್ ಕಾಯುತ್ತ ಕುಳಿತುಕೊಳ್ಳಲಿಲ್ಲ. ತನ್ನ ಸ್ವಂತದ ಮತ್ತು ಬ್ಯಾಂಕಿನ ಬೆಂಬಲದಿಂದ ಊರಿನ ಸ್ಥಿತಿಗತಿಗಳ ಸಮೀಕ್ಷೆಗಳನ್ನು ಆರಂಭಿಸಿದನು. ಹಣ ಬರುವ ಮೊದಲು ಊರಿಗೆ ಏನು ಬೇಕೆಂದು ತಿಳಿಯಬೇಕೆಂಬುದು ಅವನ ಮತ.

ಇವುಗಳಲ್ಲಿ ಉಪಾಧ್ಯಾಯರಾದ ನಾವು ಅವಶ್ಯ ಗಮನಿಸಬೇಕಾದುದು 1915-16ರ ಶಾಲಾ ಸಮೀಕ್ಷೆ. ಲಿಯೊನಾರ್ಡ್ ಏಯರ್ಸ್ ಎಂಬ ಶಿಕ್ಷಣತಜ್ಞನ ನೇತೃತ್ವದಲ್ಲಿ ನಡೆದ ಈ ಸಮೀಕ್ಷೆ 25 ಸಂಪುಟಗಳಾಗಿ ಹೊರಬಂದಿತು. ಪಾಠಕ್ರಮ, ಕಟ್ಟಡ, ಹಣಕಾಸು, ಮಕ್ಕಳ ಆರೋಗ್ಯ, ಕಸಬಿನ ಶಿಕ್ಷಣ ಒಂದೊಂದಕ್ಕೂ ಬೇರೆ ಬೇರೆ ಪುಸ್ತಕ. ಸಂಪುಟಗಳಲ್ಲಿ ಒಂದು, ವಲಸೆ ಬಂದವರ ಮಕ್ಕಳನ್ನೇ ಕುರಿತದ್ದು. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಭಾಷೆ ಎಂಬ ಮಕ್ಕಳು ಕ್ಲೀವ್‌ಲ್ಯಾಂಡಿನಲ್ಲಿ ಬಹು ಸಂಖ್ಯೆಯಲ್ಲಿದ್ದರು. ಅವರ ಸ್ಥಿತಿಯನ್ನು ಲೆಕ್ಕ ಹಾಕಿ, ಪುಸ್ತಕವಾಗಿ ಊರಿನ ಮುಂದೆ ಇಟ್ಟುದು ಸಾಮಾನ್ಯ ಕಾರ್ಯವಲ್ಲವೆಂಬುದನ್ನು ಕಾಸರಗೋಡು, ತಾಳವಾಡಿ, ಜತ್ತ, ಆದವಾನಿಗಳ ಉಪಾಧ್ಯಾಯರಿಗೆ ವಿವರಿಸಿ ಹೇಳಬೇಕಾಗಿಲ್ಲ. ವರದಿಗಳು ಕಪಾಟನ್ನು ಸೇರಲಿಲ್ಲ. ಸಾರ್ವಜನಿಕ ಚರ್ಚೆಗೆ ವಸ್ತುವಾದವು. 1917ರಲ್ಲಿ ನಗರದ ಶಾಲೆಗಳಿಗೆ ಹೊಸ ಮುಖ್ಯಾಧಿಕಾರಿ ಬಂದನು.

1922ರಲ್ಲಿ ಅದೇ ನಿಧಿ ನಗರದ ಅಪರಾಧ ನ್ಯಾಯಾಡಳಿತದ ಸಮೀಕ್ಷೆಯನ್ನು ಪ್ರಕಟಿಸಿತು. ನಗರ ನ್ಯಾಯಾಲಯದ ಮುಖ್ಯ ನ್ಯಾಯಾಧೀಶನೇ ಒಂದು ಕೊಲೆಯ ಮೊಕದ್ದಮೆಯಲ್ಲಿ ಸಿಕ್ಕಿಬಿದ್ದಿದ್ದ ಸಮಯವದು. ರಾಸ್ಕೊ ಪೌಂಡ್ ಮತ್ತು ಫೆಲಿಕ್ಸ್ ಫ್ರಾಂಕ್‌ಫರ್ಟರ್ ಎಂಬ ಪ್ರಸಿದ್ಧ ನ್ಯಾಯಶಾಸ್ತ್ರಜ್ಞರು ಅದನ್ನು ನಿರ್ದೇಶಿಸಿದರು. ಅನ್ನ ಬಟ್ಟೆ ಹಂಚುವುದಷ್ಟೇ ದಾನವಲ್ಲ, ಊರಿಗೆ ತನ್ನ ಮುಖವನ್ನು ತೋರಿಸುವ ಕನ್ನಡಿಯೂ ದಾನವೇ ಎಂಬುದು ಇದರಿಂದ ಸ್ಪಷ್ಟವಾಯಿತು.

4. ವಿನ್ನಿಪೆಗ್ಗಿನ ಮೂರು ನಾಣ್ಯಗಳು

ಕ್ಲೀವ್‌ಲ್ಯಾಂಡಿನ ಮಾದರಿ ಬೇಗನೆ ಹಬ್ಬಿತು. 1915ರಲ್ಲಿ ಚಿಕಾಗೋ ಮತ್ತು ಬಾಸ್ಟನ್, 1924ರಲ್ಲಿ ನ್ಯೂಯಾರ್ಕ್ ತಂತಮ್ಮ ನಿಧಿಗಳನ್ನು ಸ್ಥಾಪಿಸಿದವು. ಕೆನಡಾದಲ್ಲಿ ಮೊದಲನೆಯದು 1921ರ ವಿನ್ನಿಪೆಗ್ ಫೌಂಡೇಶನ್. ವಿಲಿಯಂ ಅಲೊವೇ ಎಂಬ ಬ್ಯಾಂಕರನು 1,00,000 ಡಾಲರುಗಳನ್ನಿತ್ತು ಅದಕ್ಕೆ ಅಡಿಗಲ್ಲು ಹಾಕಿದನು. ಆದರೆ ಆ ಊರಿನವರು ಇಂದಿಗೂ ಅದೇ ಅಭಿಮಾನದಿಂದ ನೆನೆಯುವುದು 1924ರ ಇನ್ನೊಂದು ಕಾಣಿಕೆಯನ್ನು. ಹೆಸರಿಲ್ಲದ ಒಂದು ಲಕೋಟೆ. ಅದರೊಳಗೆ ಐದು ಡಾಲರಿನ ಮೂರು ಚಿನ್ನದ ನಾಣ್ಯಗಳು. ಇದು ವಿಧವೆಯ ಕಾಸೆಂದು ಸೂಚಿಸುವ ಒಂದು ಚೀಟಿ. ಕೊಟ್ಟವರು ಯಾರೆಂದು ಚೀಟಿ ತಿಳಿಸಲಿಲ್ಲ. ಅಲೊವೇಯ ಲಕ್ಷವೂ ಈ 15 ಡಾಲರೂ ಒಂದೇ ನಿಧಿಯಲ್ಲಿ ಕೂಡಿಕೊಂಡವು. ಸಾಲೋಟಗಿಯಲ್ಲಿ ಮಂತ್ರಿಯ ಕಟ್ಟಡದ ಪಕ್ಕದಲ್ಲಿ ಮದುವೆಮನೆಯ ಐದು ನಾಣ್ಯ ನಿಂತಂತೆಯೇ ಇದೂ ಸರಿ.

5. ನಿಧಿಯ ಒಳವ್ಯವಸ್ಥೆ

ಊರನಿಧಿಯೊಳಗೆ ದತ್ತಿಗಳು ನಾನಾ ಬಗೆಯವು. ಊರಿನ ಯಾವ ಅಗತ್ಯಕ್ಕಾದರೂ ಬಳಸಬಹುದಾದ ಮುಕ್ತ ದತ್ತಿ, ವಿದ್ಯೆ, ಆರೋಗ್ಯ ಮುಂತಾದ ಒಂದು ಕ್ಷೇತ್ರಕ್ಕೆ ಮೀಸಲಾದ ದತ್ತಿ, ಒಂದು ನಿರ್ದಿಷ್ಟ ಸಂಸ್ಥೆಗೆ ವರ್ಷವರ್ಷವೂ ಸಲ್ಲುವ ದತ್ತಿ, ವಿದ್ಯಾರ್ಥಿವೇತನದ ದತ್ತಿ. 1931ರಲ್ಲಿ ನ್ಯೂಯಾರ್ಕಿನ ನಿಧಿ ಇನ್ನೊಂದು ಬಗೆಯನ್ನು ಆರಂಭಿಸಿತು. ಅದರಲ್ಲಿ ದಾನಿ ಜೀವಂತನಾಗಿದ್ದು ಹಂಚಿಕೆಯ ವಿಷಯದಲ್ಲಿ ಸಲಹೆ ಕೊಡಬಹುದು. ಸಣ್ಣ ಸಂಸ್ಥೆಗಳಿಗೆ ಇದರಿಂದಾಗುವ ಪ್ರಯೋಜನ ಹಣವಷ್ಟೇ ಅಲ್ಲ. ಒಂದು ವಾಚನಾಲಯವೋ ಅನಾಥಾಲಯವೋ ತನ್ನ ಚಿಕ್ಕ ಮೂಲಧನವನ್ನು ನಿಧಿಯಲ್ಲಿರಿಸಿದರೆ, ಹೂಡಿಕೆ ಮತ್ತು ಲೆಕ್ಕಪತ್ರದ ಭಾರ ಅದಕ್ಕೆ ತಪ್ಪುತ್ತದೆ. ‘ನೀವು ಇಷ್ಟು ಕೂಡಿಸಿದರೆ ನಾವು ಅಷ್ಟೇ ಕೊಡುತ್ತೇವೆ’ ಎಂಬ ಪಂಥದ ಧನಸಹಾಯದಿಂದ ಊರಿನ ಬೇರೆಯವರ ಕೈಯೂ ಬಿಚ್ಚುತ್ತದೆ.

6. ದೋಷಗಳು

ಈ ವ್ಯವಸ್ಥೆಯನ್ನು ನಿರ್ದೋಷವೆಂದು ಹೊಗಳುವುದು ಸತ್ಯಕ್ಕೆ ದೂರ. ಆರಂಭಕಾಲದಲ್ಲಿ ಬ್ಯಾಂಕುಗಳು ಇದನ್ನು ತಮ್ಮ ವ್ಯಾಪಾರದ ಜಾಹೀರಾತಾಗಿಯೂ ಕಂಡದ್ದುಂಟು. ಒಂದೇ ಬ್ಯಾಂಕಿಗೆ ಕಟ್ಟುಬಿದ್ದ ನಿಧಿಗೆ ಬೇರೆ ಬ್ಯಾಂಕಿನ ಗಿರಾಕಿ ಏಕೆ ಕೊಟ್ಟಾನು? ಆದುದರಿಂದ ಮುಂದೆ ಹಲವು ಬ್ಯಾಂಕುಗಳು ಕೂಡಿ ಕಾಯುವ ಪದ್ಧತಿ ಬಂದಿತು. ಹಂಚುವ ಐವರು ಊರಿನ ಗಣ್ಯರೇ ಆಗುತ್ತಿದ್ದುದರಿಂದ, ಬಡಬೀದಿಗಳ ಅಗತ್ಯ ಅವರ ಕಣ್ಣಿಗೆ ಎಷ್ಟು ಬೀಳುತ್ತದೆಂಬ ಪ್ರಶ್ನೆಯೂ ನಿಜವಾದುದೇ. 1969ರ ಅಮೆರಿಕೆಯ ತೆರಿಗೆ ಕಾನೂನು ಒಬ್ಬನೇ ಧನಿಕನ ನಿಧಿಗಳ ಮೇಲೆ ಬಿಗಿಯಾದ ಕಟ್ಟುಪಾಡುಗಳನ್ನು ಹಾಕಿತು. ಸಾರ್ವಜನಿಕರ ದಾನವನ್ನು ಕೂಡಿಸುವ ಊರನಿಧಿಗಳಿಗೆ ಅನುಕೂಲವಾದ ಸ್ಥಾನವನ್ನು ಕೊಟ್ಟಿತು. ಅಂದಿನಿಂದ ಅವು ಬಹುಜನರ ಬಾಗಿಲಿಗೆ ಹೋಗಲೇಬೇಕಾಯಿತು. 2014ರಲ್ಲಿ ಕ್ಲೀವ್‌ಲ್ಯಾಂಡಿನ ಶತಮಾನೋತ್ಸವದ ಸಂದರ್ಭದಲ್ಲಿ ನಡೆದ ಎಣಿಕೆಯಂತೆ ಜಗತ್ತಿನಲ್ಲಿ ಇಂಥ ಸಂಸ್ಥೆಗಳು 1,800ಕ್ಕೂ ಮಿಕ್ಕಿದ್ದವು.

7. ನಮ್ಮಲ್ಲಿ

ನಮ್ಮ ದೇಶದಲ್ಲಿ ಈ ಹೆಸರಿನ ಸಂಸ್ಥೆ ತಡವಾಗಿ ಬಂದಿತು. 1991ರಲ್ಲಿ ಬಾಂಬೆ ಕಮ್ಯುನಿಟಿ ಪಬ್ಲಿಕ್ ಟ್ರಸ್ಟ್ ಸ್ಥಾಪಿತವಾಯಿತು. ಆದರೆ ಕಾಯುವ ಕೈಯನ್ನೂ ಹಂಚುವ ಕೈಯನ್ನೂ ಬೇರ್ಪಡಿಸುವ ವಿಚಾರ ನಮ್ಮ ಕಾನೂನಿಗೆ ಹೊಸದಲ್ಲ. 1890ರ ಧರ್ಮದತ್ತಿ ಕಾಯಿದೆಯಂತೆ ಆಸ್ತಿ ಸರಕಾರದ ಒಬ್ಬ ಖಜಾಂಚಿಯ ವಶದಲ್ಲಿರುತ್ತದೆ. ಆಡಳಿತ ಮಾತ್ರ ಬೇರೆಯವರದು. ಉದ್ದೇಶವನ್ನು ಮಾರ್ಪಡಿಸುವ ಮಾರ್ಗವೂ ಉಂಟು. 1950ರ ಮಹಾರಾಷ್ಟ್ರ ಸಾರ್ವಜನಿಕ ವಿಶ್ವಸ್ತ ಕಾಯಿದೆ (ಹಿಂದಿನ ಹೆಸರು ಮುಂಬಯಿ ಸಾರ್ವಜನಿಕ ವಿಶ್ವಸ್ತ ಕಾಯಿದೆ) ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳಿಗೆ ಅನ್ವಯಿಸುತ್ತದೆ. ಅದರ 55ನೆಯ ಕಲಮು ಇದಕ್ಕಾಗಿಯೇ ಇದೆ. ಆದರೆ ಅದು ಕೋರ್ಟಿನ ದಾರಿ. ಸಣ್ಣ ಸಂಘಕ್ಕೆ ದುಬಾರಿಯ ದಾರಿ.

ಇದು ನಮಗೆ ಬರಿಯ ಕುತೂಹಲದ ವಿಷಯವಲ್ಲ. ಗಡಿಯಾಚೆಯ ಕನ್ನಡ ಸಂಘದಲ್ಲಿ ಹಿಂದಿನವರೊಬ್ಬರು 500 ರೂಪಾಯಿಗಳ ದತ್ತಿಯನ್ನಿಟ್ಟರೆನ್ನೋಣ. ನೂರಕ್ಕೆ ಐದರಂತೆ ವರ್ಷದ ಬಡ್ಡಿ 25 ರೂಪಾಯಿ. ಅಂದು ಅದರಿಂದ ಪುಸ್ತಕಗಳ ಕಟ್ಟನ್ನೇ ಬಹುಮಾನ ಕೊಡಬಹುದಾಗಿತ್ತು. ಇಂದು ಒಂದು ಪುಸ್ತಕವೂ ಬಾರದು. ಇನ್ನೂ ಮುಖ್ಯವಾದುದೊಂದಿದೆ: ಇಂಥ ಕನ್ನಡ ಶಾಲೆಯ ಏಳನೆಯ ತರಗತಿಯಲ್ಲಿ ಮೊದಲನೆಯವನಾದವನಿಗೆ ಎಂದು ಷರತ್ತಿದ್ದು, ಆ ಕನ್ನಡ ತರಗತಿಯೇ ಮುಚ್ಚಿದರೆ ಬಹುಮಾನ ಯಾರಿಗೆ? ದಾನಿಗೆ ಬೇಕಾಗಿದ್ದುದು ಆ ತರಗತಿಯಲ್ಲ, ಕನ್ನಡ ಕಲಿಯುವ ಮಗು. ಆ ಮಗು ಇಂದು ಬೇರೆ ಮಾಧ್ಯಮದ ಶಾಲೆಯಲ್ಲಿ ಕುಳಿತಿರಬಹುದು. ದತ್ತಿಯ ಮಾತಿಗೆ ಅಂಟಿಕೊಂಡರೆ ದಾನಿಯ ಮನಸ್ಸಿಗೆ ದ್ರೋಹವಾಗುತ್ತದೆ.

ಆದಕಾರಣ ನಮ್ಮ ಸಂಘಗಳು ಕೆಲವು ಕಾರ್ಯಗಳನ್ನು ಈಗಲೇ ಕೈಗೊಳ್ಳಬಹುದು. ಮೊದಲನೆಯದಾಗಿ, ಹೊಸ ದತ್ತಿಯನ್ನು ಸ್ವೀಕರಿಸುವಾಗ, ಉದ್ದೇಶ ಅಸಾಧ್ಯವಾದರೆ ಅದಕ್ಕೆ ಸಮೀಪವಾದ ಉದ್ದೇಶಕ್ಕೆ ಬಳಸಬಹುದೆಂಬ ಒಂದು ವಾಕ್ಯವನ್ನು ದಾನಿಯಿಂದಲೇ ಬರೆಯಿಸಿಕೊಳ್ಳಬೇಕು. ಎರಡನೆಯದಾಗಿ, ಕಾಯಿದೆಯ ಸಲಹೆ ಪಡೆದು, ಚದರಿದ ಸಣ್ಣ ದತ್ತಿಗಳನ್ನು ಹೆಸರು ಅಳಿಸದೆ ಒಂದೇ ನಿಧಿಯಲ್ಲಿ ಕೂಡಿಸಬೇಕು. ಮೂರನೆಯದಾಗಿ, ಹಣ ಕಾಯುವವರೂ ಹಂಚುವವರೂ ಒಬ್ಬರೇ ಆಗಬಾರದು. ಲೆಕ್ಕ ಪ್ರತಿವರ್ಷ ಸಭೆಯ ಮುಂದೆ ಬರಬೇಕು. ನಾಲ್ಕನೆಯದಕ್ಕೆ ಹಣವೇ ಬೇಡ: ತಾಲೂಕಿನಲ್ಲಿ ಮನೆಮಾತು ಕನ್ನಡವಾದ ಮಕ್ಕಳೆಷ್ಟು, ಅವರು ಯಾವ ಶಾಲೆಯಲ್ಲಿದ್ದಾರೆ, ಕನ್ನಡ ಓದುಬರಹ ಬಲ್ಲವರೆಷ್ಟು ಎಂಬ ಲೆಕ್ಕವನ್ನು ಉಪಾಧ್ಯಾಯರೇ ತೆಗೆಯಬೇಕು. ಕ್ಲೀವ್‌ಲ್ಯಾಂಡಿನಲ್ಲಿಯೂ ನಿಧಿ ತುಂಬುವ ಮೊದಲೇ ಲೆಕ್ಕದ ಪುಸ್ತಕ ತುಂಬಿತ್ತೆಂಬುದನ್ನು ಮರೆಯಬಾರದು.