ತೂಬು, ನೀರಗಂಟಿ, ಭ್ರೂಣ

ಪಂಚನಹಳ್ಳಿ ಕಡೆಯ ಬಯಲಲ್ಲಿ ಕುರಿ ಈದಾಗ ಕಾಯುವವನ ಕಣ್ಣು ಹೋಗುವುದು ಮರಿ ಎದ್ದು ನಿಂತೀತೇ, ಮೊಲೆ ಹುಡುಕೀತೇ ಎಂಬುದರ ಕಡೆಗೆ. ಮರಿಗೆ ಕಣ್ಣು ಎರಡಿವೆಯೇ ಎಂದು ಯಾರೂ ಎಣಿಸುವುದಿಲ್ಲ. 1950ರ ದಶಕದಲ್ಲಿ ಅಮೆರಿಕದ ಐಡಾಹೊದಲ್ಲಿ ಎಣಿಸಬೇಕಾಯಿತು. ಅಲ್ಲಿನ ಮಂದೆಗಳಲ್ಲಿ ಹಣೆಯ ನಡುವೆ ಒಂದೇ ಕಣ್ಣಿನ ಮರಿಗಳು ಹುಟ್ಟುತ್ತಿದ್ದವು. ಸರ್ಕಾರದ ಕೃಷಿ ವಿಜ್ಞಾನಿಗಳು ವರ್ಷಗಟ್ಟಲೆ ಹುಡುಕಿ ಕಾರಣ ಹಿಡಿದರು. ಗಬ್ಬ ನಿಂತ 14ನೇ ದಿನದ ಸುಮಾರಿಗೆ ತಾಯಿ ಕುರಿ ವೆರಾಟ್ರಮ್ ಎಂಬ ಕಾಡುಗಿಡ ಮೇದಿದ್ದರೆ ಮರಿಗೆ ಈ ಗತಿ. ಗಿಡದೊಳಗಿನ ವಿಷಕ್ಕೆ ಸೈಕ್ಲೋಪಮಿನ್ ಎಂದು ಹೆಸರಿಟ್ಟರು. ಒಂದು ದಿನದ ಮೇವು ಎರಡು ಕಣ್ಣನ್ನು ಒಂದಾಗಿಸಿದ್ದು ಹೇಗೆ ಎಂಬುದು ತಿಳಿಯಲು 1998 ಬರಬೇಕಾಯಿತು.

ಆ ಉತ್ತರಕ್ಕೆ ದಾರಿ ಬಿದ್ದದ್ದು ಬಹಳ ಹಿಂದೆ. 1891ರಲ್ಲಿ ಹಾನ್ಸ್ ಡ್ರೀಶ್ ಸಮುದ್ರದ ಅರ್ಚಿನ್ ಎಂಬ ಮುಳ್ಳುಮೈ ಜೀವಿಯ ಎರಡು ಕೋಶಗಳ ಭ್ರೂಣವನ್ನು ಕುಲುಕಿ ಬಿಡಿಸಿದ. ಅರ್ಧರ್ಧ ಮರಿ ಹುಟ್ಟಲಿಲ್ಲ, ಚಿಕ್ಕದಾದರೂ ಎರಡು ಪೂರ್ತಿ ಮರಿಗಳೇ ಬೆಳೆದವು. ಅಂದರೆ ಕೋಶ ತಾನೇನಾಗಬೇಕೆಂಬುದನ್ನು ಗಂಟು ಕಟ್ಟಿಕೊಂಡು ಬಂದಿರುವುದಿಲ್ಲ. ತಾನೆಲ್ಲಿದ್ದೇನೆ ಎಂಬುದನ್ನು ಅರಿತು ನಡೆಯುತ್ತದೆ. 1924ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹಾನ್ಸ್ ಸ್ಪೀಮನ್ ಮತ್ತು ಹಿಲ್ಡ ಮಾಂಗೋಲ್ಡ್ ನ್ಯೂಟ್ ಎಂಬ ಉಭಯವಾಸಿಯ ಭ್ರೂಣದಿಂದ ಒಂದು ಚೂರು ತೆಗೆದು ಇನ್ನೊಂದು ಭ್ರೂಣದ ಹೊಟ್ಟೆಯ ಭಾಗಕ್ಕೆ ನೆಟ್ಟರು. ಅಲ್ಲಿ ಎರಡನೆಯ ಬೆನ್ನುಹುರಿ, ಎರಡನೆಯ ಶರೀರವೇ ಎದ್ದಿತು. ಕೈಯಾರೆ ಆ ಪ್ರಯೋಗ ಮಾಡಿದವಳು ಹಿಲ್ಡ. ಅದೇ ವರ್ಷ ಅಡುಗೆಮನೆಯ ಬೆಂಕಿ ಅವಘಡದಲ್ಲಿ, 25ರ ಹರೆಯದಲ್ಲಿ ತೀರಿಕೊಂಡಳು. 1935ರ ನೊಬೆಲ್ ಸ್ಪೀಮನ್‌ಗೆ ಬಂತು. ಈ ಕತೆ ಹೇಳುವಾಗಲೆಲ್ಲ ಹಿಲ್ಡಳ ಹೆಸರನ್ನು ಮೊದಲು ಹೇಳಬೇಕೆನಿಸುತ್ತದೆ.

ಆ ಚೂರಿನಿಂದ ಹೊರಡುವುದೇನು? 1952ರಲ್ಲಿ ಗಣಿತಜ್ಞ ಆಲನ್ ಟ್ಯೂರಿಂಗ್ ಅಂಥ ವಸ್ತುಗಳಿಗೆ ಮಾರ್ಫೊಜೆನ್, ಅಂದರೆ ರೂಪ ಹುಟ್ಟಿಸುವಂಥದ್ದು ಎಂಬ ಹೆಸರು ಕೊಟ್ಟ. 1969ರಲ್ಲಿ ಲೂಯಿಸ್ ವೋಲ್ಪರ್ಟ್ ವಿಷಯವನ್ನು ಸರಳಗೊಳಿಸಿದ. ಆತ ಮೊದಲು ಸಿವಿಲ್ ಎಂಜಿನಿಯರ್. ಅವನು ಕೊಟ್ಟ ಉದಾಹರಣೆ ಫ್ರಾನ್ಸಿನ ಮೂರು ಬಣ್ಣದ ಬಾವುಟ. ನಮಗೆ ಮದಗದ ಕೆರೆಯಂಥದೊಂದು ಕೆರೆಯ ಅಚ್ಚುಕಟ್ಟು ಸಾಕು. ತೂಬಿನ ಬಳಿ ನೀರು ದಂಡಿ, ಕೊನೆಯ ಜಮೀನಿಗೆ ಬರುವಾಗ ನೂಲೆಳೆ. ಬರುವ ನೀರನ್ನು ನೋಡಿಯೇ ರೈತ ಭತ್ತವೋ ರಾಗಿಯೋ ಹುರುಳಿಯೋ ಎಂದು ತೀರ್ಮಾನಿಸುತ್ತಾನೆ. ಕೋಶವೂ ಹಾಗೆಯೇ, ತನ್ನ ಬಳಿ ಸಂದೇಶ ಎಷ್ಟು ದಟ್ಟವಾಗಿದೆ ಎಂದು ನೋಡಿ ತಾನು ಯಾವ ಅಂಗವಾಗಬೇಕೆಂದು ತಿಳಿಯುತ್ತದೆ. ಮರುವರ್ಷ ಫ್ರಾನ್ಸಿಸ್ ಕ್ರಿಕ್ ಲೆಕ್ಕ ಹಾಕಿ, ಒಂದು ಮಿಲಿಮೀಟರಿನೊಳಗಿನ ಭ್ರೂಣದಲ್ಲಿ ಇಂಥ ಇಳಿಜಾರು ಕೆಲವೇ ಗಂಟೆಗಳಲ್ಲಿ ಏರ್ಪಡಬಲ್ಲದು ಎಂದು ತೋರಿಸಿದ.

ಕಣ್ಣಾರೆ ಕಂಡದ್ದು 1988ರಲ್ಲಿ. ಹಣ್ಣುನೊಣದ ತಾಯಿ ಮೊಟ್ಟೆಯ ಮುಂದುಗಡೆ ಬೈಕಾಯ್ಡ್ ಎಂಬ ಪ್ರೋಟೀನಿನ ಆದೇಶವನ್ನು ಇಟ್ಟಿರುತ್ತಾಳೆ. ಅರ್ಧ ಮಿಲಿಮೀಟರ್ ಉದ್ದದ ಮೊಟ್ಟೆಯಲ್ಲಿ ಆ ಪ್ರೋಟೀನು ಮುಂದಿನಿಂದ ಹಿಂದಕ್ಕೆ ಕ್ರಮವಾಗಿ ತೆಳುವಾಗುವುದನ್ನು ವೋಲ್ಫ್‌ಗಾಂಗ್ ಡ್ರೀವರ್ ಮತ್ತು ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್‌ಹಾರ್ಟ್ ಅಳೆದರು. ಪ್ರೋಟೀನನ್ನು ಹೆಚ್ಚಿಸಿದರೆ ತಲೆಯ ಗಡಿ ಹಿಂದಕ್ಕೆ ಸರಿಯುತ್ತಿತ್ತು. ವೋಲ್ಪರ್ಟ್ ಊಹೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ.

ಸ್ಪೀಮನ್–ಮಾಂಗೋಲ್ಡ್ ಚೂರಿನ ಗುಟ್ಟು ಮಾತ್ರ ಉಲ್ಟಾ ಬಂತು. 1990ರ ದಶಕದಲ್ಲಿ ಸಿಕ್ಕ ನಾಗಿನ್, ಕಾರ್ಡಿನ್ ಎಂಬ ಅದರ ಪ್ರೋಟೀನುಗಳು ತಾವಾಗಿ ಏನೂ ಕೊಡುವುದಿಲ್ಲ. ಸುತ್ತ ಹರಡಿರುವ ಬಿಎಂಪಿ ಎಂಬ ಸಂದೇಶವನ್ನು ಹಿಡಿದು ತಡೆಯುತ್ತವೆ. ತಡೆದ ಕಡೆ ಬೆನ್ನು ಮತ್ತು ನರಗಳು, ತಡೆಯದ ಕಡೆ ಹೊಟ್ಟೆ. ನೀರು ಬಿಡುವವನಷ್ಟೇ ಅಲ್ಲ, ಮಡೆ ಕಟ್ಟುವವನೂ ನೀರಗಂಟಿಯೇ ಎಂಬುದು ನಮ್ಮೂರುಗಳಿಗೆ ಹೊಸದಲ್ಲ.

ಈಗ ಕುರಿಯ ಕಡೆಗೆ. ಹೆಡ್ಜ್‌ಹಾಗ್ ಎಂಬ ಮುಳ್ಳುಪ್ರಾಣಿಯಂತೆ ಮೈಯೆಲ್ಲ ಮುಳ್ಳಾದ ನೊಣದ ಮರಿಹುಳುವಿನಿಂದ 1980ರಲ್ಲಿ ಹೆಸರು ಪಡೆದದ್ದು ಹೆಡ್ಜ್‌ಹಾಗ್ ಜೀನು. ಬೆನ್ನೆಲುಬಿನ ಪ್ರಾಣಿಗಳಲ್ಲಿ ಅದರ ಬಂಧು ಸೋನಿಕ್ ಹೆಡ್ಜ್‌ಹಾಗ್ 1993ರಲ್ಲಿ ಸಿಕ್ಕಿತು. ಭ್ರೂಣದ ತಲೆಯ ನಡುಗೆರೆಯಿಂದ ಹೊರಡುವ ಈ ಸಂದೇಶವೇ ಮೊದಲಿಗೆ ಒಂದೇ ಆಗಿರುವ ಕಣ್ಣಿನ ಕ್ಷೇತ್ರವನ್ನು ಎರಡಾಗಿ ಸೀಳುವುದು. ಆ ಜೀನು ಕೆಡಿಸಿದ ಇಲಿಯ ಭ್ರೂಣಗಳಿಗೆ ಒಂದೇ ಕಣ್ಣು ಎಂದು 1996ರಲ್ಲಿ ಕಂಡಿತು. ಎರಡು ವರ್ಷದ ಮೇಲೆ, ಸೈಕ್ಲೋಪಮಿನ್ ಕೆಡಿಸುವುದೂ ಈ ಸಂದೇಶವನ್ನೇ ಎಂದು ಗೊತ್ತಾಯಿತು.

ನನ್ನ ಮಟ್ಟಿಗೆ ಈ ಕತೆಯ ಅತ್ಯಂತ ಸೊಗಸಾದ ಅಧ್ಯಾಯ ನಮ್ಮ ರಾಜ್ಯದ್ದೇ. ಹೆಡ್ಜ್‌ಹಾಗ್ ಪ್ರೋಟೀನಿನ ಬಾಲಕ್ಕೆ ಕೊಲೆಸ್ಟರಾಲು ಅಂಟಿರುತ್ತದೆ. ಜಿಡ್ಡಿನ ವಸ್ತು ಕೋಶದ ಪೊರೆ ಬಿಟ್ಟು ದೂರ ಹೋಗುವುದೆಂತು? 2008ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸತ್ಯಜಿತ್ ಮೇಯರ್, ನೇಹಾ ವ್ಯಾಸ್ ಮತ್ತಿತರರು, ಮೈಸೂರಿನ ಎಚ್. ಎ. ರಂಗನಾಥ್ ಅವರೂ ಜೊತೆಗಿದ್ದ ಅಧ್ಯಯನದಲ್ಲಿ, ಅದು ಪೊರೆಯ ಮೇಲೆ ಅತಿ ಸಣ್ಣ ಗುಂಪು ಕಟ್ಟಿಕೊಳ್ಳುತ್ತದೆ ಎಂದು ತೋರಿಸಿದರು. ಒಂದೇ ಒಂದು ಅಮೈನೊ ಆಮ್ಲ ಬದಲಿಸಿ ಗುಂಪುಗೂಡದಂತೆ ಮಾಡಿದರೆ ದೂರಕ್ಕೆ ಸುದ್ದಿ ಮುಟ್ಟುವುದಿಲ್ಲ.

ವಿಂಗ್‌ಲೆಸ್ ಎಂಬ ಇನ್ನೊಂದು ಸಂದೇಶಕ್ಕೆ ಆ ಹೆಸರು ಬರಲು ಕಾರಣವಾದ ರೆಕ್ಕೆಯಿಲ್ಲದ ನೊಣವನ್ನು 1970ರ ದಶಕದಲ್ಲಿ ವರದಿ ಮಾಡಿದವರು ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯ ಆರ್. ಪಿ. ಶರ್ಮ. ನಮ್ಮ ಶಾಲೆಯ ಪುಸ್ತಕಗಳಲ್ಲಿ ಇರಬೇಕಾದ ಸಂಗತಿಯಿದು. 2016ರಲ್ಲಿ ಅನುಪಮಾ ಹೇಮಲತಾ, ಚೈತ್ರಾ ಪ್ರಭಾಕರ ಮತ್ತು ಮೇಯರ್ ನೊಣದ ಮರಿಹುಳುವಿನ ರೆಕ್ಕೆಯ ಅಂಗಾಂಶದಲ್ಲಿ ನೋಡಿದ್ದೇನೆಂದರೆ, ವಿಂಗ್‌ಲೆಸ್ ಮತ್ತು ಅದನ್ನು ಹಿಡಿಯುವ ಗ್ರಾಹಕ ಪ್ರೋಟೀನು ಬೇರೆ ಬೇರೆ ಬಾಗಿಲಿನಿಂದ ಕೋಶದೊಳಕ್ಕೆ ಬಂದು ಒಳಗೆ ಸೇರುತ್ತವೆ, ಆಮೇಲಷ್ಟೇ ಸಂದೇಶ. ಇದು ಎಳೆಯ ಭ್ರೂಣವಲ್ಲ, ಅದರ ಮುಂದಿನ ಹಂತ. ತಾನೆಲ್ಲಿದ್ದೇನೆ ಎಂದು ಕೋಶ ಅರಿಯುವುದು ಹೇಗೆ ಎಂಬ ಪ್ರಶ್ನೆ ಮಾತ್ರ ಅದೇ.

ಎರಡು ಬಾಗಿಲು ಏಕೆ? 2023ರಲ್ಲಿ ಮದನ್ ರಾವ್ ಮತ್ತು ಮೇಯರ್ ತಂಡ ಲೆಕ್ಕದ ಮೂಲಕ ಒಂದು ಉತ್ತರ ಮುಂದಿಟ್ಟಿತು. ಸಂದೇಶದ ಹರಿವು ಎಂದೂ ಒಂದೇ ಸಮನಿರುವುದಿಲ್ಲ. ಸುದ್ದಿಯನ್ನು ಮುಂದಕ್ಕೆ ದಾಟಿಸುವ ಗ್ರಾಹಕದ ಜೊತೆಗೆ, ಸಂದೇಶವನ್ನು ಹಿಡಿದು ಒಳಗೆಳೆದುಕೊಳ್ಳುವುದಷ್ಟೇ ಕೆಲಸವಾದ ಇನ್ನೊಂದಿದ್ದು, ಎರಡೂ ಬೇರೆ ಕೋಣೆಗಳಲ್ಲಿದ್ದರೆ, ಹರಿವು ಏರಿಳಿದರೂ ಕೋಶ ತಾನಿರುವ ಜಾಗವನ್ನು ತಪ್ಪದೆ ಗುರುತಿಸುತ್ತದೆ. ಹೆಚ್ಚಿನ ನೀರನ್ನು ತೆಗೆದು ಬಿಡುವ ಆ ನೀರಗಂಟಿ ಕೆರೆ ಏರಿಯ ಮೇಲಿಲ್ಲ. ಒಂದೊಂದು ಗದ್ದೆಯಲ್ಲೂ ಇದ್ದಾನೆ.