ವಿರಾಮಚಿಹ್ನೆಗಳು ಬಂದ ಬಗೆ

ನಮ್ಮ ಹಿರಿಯರು ಓಲೆಗರಿಯಲ್ಲಿ ಬಹುಮಟ್ಟಿಗೆ ಪದಗಳ ನಡುವೆ ತೆರಪನ್ನೂ ಬಿಡದೆ ಬರೆದರು. ಒಂಟಿಗೆರೆ, ಜೋಡಿಗೆರೆಗಳೇ ಅವರಿಗೆ ವಿರಾಮ. ಅಲ್ಪವಿರಾಮ, ಪ್ರಶ್ನಚಿಹ್ನೆ ಮೊದಲಾದವು 19ನೆಯ ಶತಮಾನದಲ್ಲಿ ಅಚ್ಚುಮೊಳೆಗಳೊಡನೆ ಇಂಗ್ಲಿಷಿನಿಂದ ಬಂದ ನೆಂಟರು. ಅಷ್ಟಾಗಿ ಬೇಕಿರಲಿಲ್ಲವೆನ್ನಿ: ‘ಬಂದನೆ’ ಎಂದರೆ ಕೊನೆಯ ಎಕಾರವೇ ಪ್ರಶ್ನೆ, ಆಡಿದ ಮಾತು ಮುಗಿದುದನ್ನು ‘ಎಂದು’ ಎಂಬುದೇ ಸಾರುತ್ತದೆ. ಆದರೆ 1894ರ ಕಿಟ್ಟೆಲ್ ನಿಘಂಟನ್ನು ಅರ್ಧವಿರಾಮವಿಲ್ಲದೆ ಊಹಿಸಿಕೊಳ್ಳಿ! ಒಂದು ಪದದ ಹತ್ತು ಅರ್ಥಗಳು ಒಂದಕ್ಕೊಂದು ಹೊಸೆದುಕೊಂಡಾವು.

ಒಮ್ಮೆ ಜಯನಗರದ ನನ್ನ ಕೊಠಡಿಯಲ್ಲಿ ನಾಟಕವೊಂದರ ಕರಡಚ್ಚು ತಿದ್ದುತ್ತಿದ್ದೆ. ಮಗನ ಸಾವಿನ ಸುದ್ದಿಯನ್ನು ನಂಬದ ತಾಯಿಯ ಮಾತು: ‘ಹೋದ?’ ಎಕಾರವಿಲ್ಲ, ಓಕಾರವಿಲ್ಲ, ಚಿಹ್ನೆಯೊಂದೇ ಆಧಾರ. ಅದು ಜಾರಿದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಅಚ್ಚಾದ ಪುಸ್ತಕದಲ್ಲಿ ಆ ತಾಯಿ ಸುದ್ದಿಯನ್ನು ನಂಬಿಬಿಟ್ಟಿದ್ದಳು.